ಜೈಂಟ್ಸ್ ಬ್ಯಾಟಿಂಗ್ ಆರ್ಡರ್: ಮೊದಲನೇ ಜಾಗಕ್ಕೆ ಇನ್ನೆಷ್ಟು ವರ್ಷ ಹುಡುಕಾಟ?

ಮೂರನೇ_ಬೇಸ್

ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ಟೀಮಿನ 2025ರ ಸೀಸನ್ ಮುಗೀತು, ಮ್ಯಾನೇಜರ್ ಬಾಬ್ ಮೆಲ್ವಿನ್ ಮನೆಗೆ ಹೋದರು, ಅವರ ಜಾಗಕ್ಕೆ ಟೆನೆಸಿ ಕಾಲೇಜಿಂದ ಟೋನಿ ವಿಟೆಲ್ಲೊ ಬಂದರು. ನನ್ನ ಸಿಟ್ಟು ಮಾತ್ರ ಇದ್ದಲ್ಲೇ ಇದೆ. ಮನೇಲಿ ಈ ಮಾತು ಎತ್ತಿದ್ರೆ ಎಲ್ರೂ ಎದ್ದು ಹೋಗ್ತಾರೆ, ಆಫೀಸಲ್ಲಿ ಅರ್ಧ ಜನ ನಮ್ಮ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಕಡೆ. ಅದಕ್ಕೇ ಇಲ್ಲಿ ಬರೀತಿದೀನಿ.

2021ರಲ್ಲಿ 107 ಪಂದ್ಯ ಗೆದ್ವಿ. ಆಮೇಲಿನ ನಾಲ್ಕು ವರ್ಷದ ಗೆಲುವು ಓದ್ಕೊಳ್ಳಿ: 81, 79, 80, 81. 162 ಪಂದ್ಯದ ಸೀಸನ್‌ನಲ್ಲಿ ಇಷ್ಟು ಕರಾರುವಾಕ್ಕಾಗಿ ನಡುಮಧ್ಯ ನಿಲ್ಲೋದೂ ಒಂದು ಸಾಧನೆನೇ. ಪೂರಾ ಕೆಟ್ಟ ಟೀಮಾದ್ರೆ ಜೂನ್‌ನಲ್ಲೇ ಟಿವಿ ಆರಿಸಿ ನೆಮ್ಮದಿಯಾಗಿರಬಹುದಿತ್ತು. ಇವರು ಸೆಪ್ಟೆಂಬರ್‌ವರೆಗೂ ಆಸೆ ಹುಟ್ಟಿಸಿ ಕೈ ಕೊಡ್ತಾರೆ. ಈ ಸಲ ನ್ಯಾಷನಲ್ ಲೀಗ್‌ನ ಕೊನೇ ವೈಲ್ಡ್ ಕಾರ್ಡ್ (ಪ್ಲೇಆಫ್‌ಗೆ ಹೋಗೋ ಕೊನೇ ಸೀಟು) ಹೋಗಿದ್ದು 83 ಗೆದ್ದ ಸಿನ್ಸಿನಾಟಿಗೆ. ನಮಗೂ ಅವರಿಗೂ ಎರಡೇ ಗೆಲುವು ವ್ಯತ್ಯಾಸ. ಈ ಎರಡನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪಿಚಿಂಗ್ ಬಗ್ಗೆ ನನ್ನದೇನೂ ತಕರಾರಿಲ್ಲ. ಲೋಗನ್ ವೆಬ್ 207 ಇನ್ನಿಂಗ್ಸ್ ಎಸೆದು 224 ಸ್ಟ್ರೈಕ್‌ಔಟ್ ತೆಗೆದ. ಇನ್ನೇನು ಮಾಡಬೇಕು ಪಾಪ, ಬಂದು ಬ್ಯಾಟೂ ಹಿಡೀಬೇಕಾ?

ತಕರಾರಿರೋದು ಬ್ಯಾಟಿಂಗ್ ಆರ್ಡರ್ ಬಗ್ಗೆ, ಅದರಲ್ಲೂ ಮೊದಲನೇ ಜಾಗದ ಬಗ್ಗೆ. ಸೀಸನ್ ಶುರುವಲ್ಲಿ ಲಮಾಂಟ್ ವೇಡ್‌ನ ಅಲ್ಲಿ ನಿಲ್ಲಿಸಿದ್ರು. ಜೂನ್ ಮೊದಲ ವಾರ ಟೀಮಿಂದ ಬಿಡೋ ಹೊತ್ತಿಗೆ ಅವನ ಬ್ಯಾಟಿಂಗ್ ಸರಾಸರಿ .167, ಆರು ಸಲಕ್ಕೆ ಒಂದೇ ಹಿಟ್. ಆಮೇಲೆ ವರ್ಷದ ಬಹುಭಾಗ ಹೆಲಿಯಟ್ ರಾಮೋಸ್. ಹುಡುಗ ನನಗಿಷ್ಟ, 21 ಹೋಮ್ ರನ್ ಹೊಡೆದಿದ್ದಾನೆ, ಆದ್ರೆ ಬೇಸ್ ತಲುಪಿದ ಪ್ರಮಾಣ .328. ಲೀಡ್‌ಆಫ್‌ನಲ್ಲಿ, ಅಂದ್ರೆ ಮೊದಲನೇ ಜಾಗದಲ್ಲಿ ನಿಂತವನ ಮುಖ್ಯ ಕೆಲಸವೇ ಬೇಸ್ ತಲುಪೋದು. ಬಾಸ್ಟನ್ನಿಂದ ರಾಫೆಲ್ ಡೆವರ್ಸ್ ಬಂದ್ಮೇಲೆ ಬುದ್ಧಿ ಬರುತ್ತೆ ಅಂದ್ಕೊಂಡೆ. ಎರಡೂ ಟೀಮ್ ಸೇರಿಸಿ 112 ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟು ಪುಕ್ಕಟೆ ಸಿಗೋ ಮೊದಲ ಬೇಸ್) ತಗೊಂಡವನು ಅವನು. ಅವನನ್ನ ಎರಡನೇ ಜಾಗಕ್ಕೆ ಹಾಕಿ, ರಾಮೋಸ್‌ನ ಮೇಲೇ ಬಿಟ್ರು.

ಜಂಗ್ ಹೂ ಲೀ ಕಥೆ ಇನ್ನೂ ಬೇಜಾರು. ಏಪ್ರಿಲ್‌ನಲ್ಲಿ ಮೂರನೇ ಜಾಗದಲ್ಲಿ ಆಡ್ತಾ ಯಾಂಕೀ ಸ್ಟೇಡಿಯಂನಲ್ಲಿ ಒಂದೇ ದಿನ ಎರಡು ಹೋಮ್ ರನ್ ಹೊಡೆದ. ಸ್ವಲ್ಪ ದಿನ ಕೈಕೊಟ್ಟ ಅಂತ ಕೆಳಗಿಳಿಸಿದ್ರು, ಮತ್ತೆ ಹತ್ತಿಸಿದ್ರು, ಮತ್ತೆ ಇಳಿಸಿದ್ರು. ಪಾಪ, ಅವನಿಗೆ ಬೆಳಿಗ್ಗೆ ಎದ್ರೆ ಇವತ್ತು ತಾನು ಎಷ್ಟನೆಯವನು ಅಂತ ಗೊತ್ತಿರ್ತಿರಲಿಲ್ಲ.

ನನ್ನ ವಾದ ಇಷ್ಟೇ: ಡೆವರ್ಸ್ ಮೊದಲನೆಯವನಾಗಲಿ. ಬೈಯೋರು ಬೈಯಿರಿ.

ಅಂಕಿ_ಆಚಾರಿ

ಬೈಯಲ್ಲ, ಲೆಕ್ಕ ಹಾಕ್ತೀನಿ.

ಪಂದ್ಯದ ಕೊನೇ ಔಟ್ ಆರ್ಡರ್‌ನ ಒಂಬತ್ತು ಜನರಲ್ಲಿ ಯಾರ ಪಾಲಿಗಾದ್ರೂ ಬರಬಹುದು. ಹಾಗಾಗಿ ಒಂದು ಜಾಗ ಕೆಳಗಿದ್ದವನಿಗೆ ಸುಮಾರು ಒಂಬತ್ತು ಪಂದ್ಯಕ್ಕೊಮ್ಮೆ ಒಂದು ಸರದಿ ತಪ್ಪುತ್ತೆ. 162ನ್ನ ಒಂಬತ್ತರಿಂದ ಭಾಗಿಸಿ, 18. ಡೆವರ್ಸ್‌ನ ಎರಡರಿಂದ ಒಂದಕ್ಕೆ ಏರಿಸಿದ್ರೆ ವರ್ಷಕ್ಕೆ ಅವನಿಗೆ 18 ಸರದಿ ಹೆಚ್ಚು, ರಾಮೋಸ್‌ಗೆ 18 ಕಡಿಮೆ. ಡೆವರ್ಸ್ ಬೇಸ್ ತಲುಪಿದ್ದು .372, ರಾಮೋಸ್ .328. ವ್ಯತ್ಯಾಸ .044. ಇದನ್ನ 18ರಿಂದ ಗುಣಿಸಿದ್ರೆ 0.79.

ಅಂದ್ರೆ ನಿಮ್ಮ ಮಾತು ಕೇಳಿ ಇಬ್ಬರನ್ನ ಅದಲು ಬದಲು ಮಾಡಿದ್ರೆ ಮಾರ್ಚಿಂದ ಸೆಪ್ಟೆಂಬರ್‌ವರೆಗೆ ಒಟ್ಟು ಒಂದೇ ಒಂದು ಸಲಾನೂ ಹೆಚ್ಚಿಗೆ ಬೇಸ್ ಸಿಗಲ್ಲ. ಅದೂ .372ರಲ್ಲಿ ಬಾಸ್ಟನ್ ಪಾಲೂ ಸೇರಿದೆ. ಜೈಂಟ್ಸ್ ಅಂಗಿ ಹಾಕ್ಕೊಂಡ ಮೇಲೆ ಅವನದು .347. ಆ ಲೆಕ್ಕದಲ್ಲಿ ಲಾಭ ಮೂರನೇ ಒಂದು ಬೇಸ್. ಸಿಟ್ಟಿಗೆ ಬೇರೆ ಜಾಗ ಹುಡುಕಿ ಸ್ವಾಮಿ.

ವೇಡ್ ವಿಷಯ ಕೂಡ. 2024ರಲ್ಲಿ ಅವನು ಬೇಸ್ ತಲುಪಿದ ಪ್ರಮಾಣ .380. ಅಂಥವನನ್ನ ಮೊದಲು ಕಳಿಸಿದ್ದು ನೀವು ಹೇಳೋ ನಿಯಮದ ಪ್ರಕಾರವೇ. ಅವನ ಬ್ಯಾಟು ಸತ್ತಿದ್ದು ಮೆಲ್ವಿನ್ ಬರೆದ ಚೀಟಿಯಿಂದ ಅಲ್ಲ.

ಧಾರವಾಡ_ಪೇಡೆ

ಆಚಾರ್ರ, ಮುಂಜಾನೆದ್ದು ಗುಣಾಕಾರ ಮಾಡಿ ನಮ್ಮ ಸಿಟ್ಟಿಗೂ ನೀರು ಹಾಕಿದ್ರಲ್ರೀ.

ಮೂರನೇ_ಬೇಸ್

ಆಚಾರ್ರೇ, ಆ ಲೆಕ್ಕ ಬರೀ ಸರದಿ ಎಣಿಸುತ್ತೆ. ಯಾರ ಹಿಂದೆ ಯಾರು ಬರ್ತಾರೆ ಅನ್ನೋದನ್ನ ಎಣಿಸಲ್ಲ. ವಿಲ್ಲಿ ಅಡಾಮೆಸ್ 30 ಹೋಮ್ ರನ್ ಹೊಡೆದ. 2004ರಲ್ಲಿ ಬ್ಯಾರಿ ಬಾಂಡ್ಸ್ 45 ಹೊಡೆದ ಮೇಲೆ ಜೈಂಟ್ಸ್‌ನಲ್ಲಿ 30 ಮುಟ್ಟಿದ ಮೊದಲಿಗ ಇವನೇ, ಇಪ್ಪತ್ತೊಂದು ವರ್ಷ! ಆ ಮೂವತ್ತರಲ್ಲಿ ಬೇಸ್ ಖಾಲಿ ಇದ್ದಾಗ ಹೊಡೆದದ್ದಕ್ಕೆ ಸಿಕ್ಕಿದ್ದು ಒಂದೊಂದೇ ರನ್. ಅವನ ಮುಂದೆ ವಾಕ್ ತಗೊಳ್ಳೋ ಇಬ್ಬರು ನಿಂತಿರಲಿ ಅಂತ ನಾನು ಕೇಳ್ತಿರೋದು.

ಇನ್ನೊಂದು ಮಾತು. ಒಳ್ಳೆ ಬ್ಯಾಟರ್ ತರೋಕೆ ಟೀಮ್ ಕಟ್ಟೋ ಬಸ್ಟರ್ ಪೋಸಿ ಕೋಟಿ ಕೋಟಿ ಸುರೀಬೇಕು. ಅಡಾಮೆಸ್‌ಗೆ 182 ಮಿಲಿಯನ್ ಡಾಲರ್, ಲೀಗೆ 113, ಡೆವರ್ಸ್ ಜೊತೆ ಬಂದ ಕರಾರಂತೂ 300 ದಾಟಿದ್ದು. ಆರ್ಡರ್ ಬದಲಾಯಿಸೋಕೆ ಪೆನ್ನು ಸಾಕು. ಪುಕ್ಕಟೆ ಸಿಗೋ ಅರ್ಧ ಗೆಲುವನ್ನ ಯಾಕೆ ಬಿಡಬೇಕು?

ಆರ್‌ಸಿಬಿ_ಆಯುಷ್ಯಪೂರ್ತಿ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಬೆಂಗಳೂರಿಂದ ಸ್ಯಾನ್ ಹೋಸೆಗೆ ಬಂದು ಇದು ಮೊದಲನೇ ವರ್ಷ, ಆಟ ಈಗೀಗ ಅರ್ಥ ಆಗ್ತಿದೆ. ದಡ್ಡ ಪ್ರಶ್ನೆ ಅನ್ನಿಸಬಹುದು. ಮೂರು ಬೇಸೂ ತುಂಬಿದ್ದಾಗ ಡೆವರ್ಸ್‌ನ ಕಳಿಸಿಬಿಡಬಾರದಾ? 2011ರ ಫೈನಲ್‌ನಲ್ಲಿ ಯುವರಾಜ್ ಬರೋ ಜಾಗದಲ್ಲಿ ಧೋನಿ ತಾನೇ ಬಂದು 91 ಹೊಡೆದು ಕಪ್ ತಂದ್ನಲ್ಲ, ಹಾಗೆ. ಯಾರು ಮೊದಲು ಅಂತ ಇಷ್ಟು ಜಗಳ ಯಾಕೆ?

ಅಂಕಿ_ಆಚಾರಿ

ಜಗಳಕ್ಕೆ ಕಾರಣವೇ ಅದು, ಇಲ್ಲಿ ಹಾಗೆ ಕಳಿಸೋಕಾಗಲ್ಲ.

ಪಂದ್ಯಕ್ಕೆ ಮೊದಲು ಎರಡೂ ಕಡೆಯವರು ಹೋಮ್ ಪ್ಲೇಟ್ ಹತ್ತಿರ ಬಂದು ಒಂಬತ್ತು ಹೆಸರಿನ ಚೀಟಿ ಅಂಪೈರ್ ಕೈಗೆ ಕೊಡ್ತಾರೆ. ಒಪ್ಪಿಸಿದ ಮೇಲೆ ಆ ಸಾಲು ಪಂದ್ಯ ಮುಗಿಯೋವರೆಗೂ ಬದಲಾಗಲ್ಲ. ಒಂಬತ್ತನೆಯವನಾದ ಮೇಲೆ ಮತ್ತೆ ಒಂದನೆಯವನು. ಈ ಇನ್ನಿಂಗ್‌ನಲ್ಲಿ ಐದನೆಯವನು ಕೊನೇ ಔಟಾದ್ರೆ ಮುಂದಿನ ಇನ್ನಿಂಗ್ ಆರನೆಯವನಿಂದ ಶುರು. ಬೇರೆಯವನನ್ನ ಬದಲಿಯಾಗಿ ಕಳಿಸಬಹುದು, ಆದ್ರೆ ಜಾಗ ಬಿಟ್ಟುಕೊಟ್ಟವನು ಆ ದಿನ ವಾಪಸ್ ಬರೋ ಹಾಗಿಲ್ಲ. ಈಗಾಗಲೇ ಆಡ್ತಿರೋ ಡೆವರ್ಸ್‌ನ ಅಂತೂ ಬೇರೆಯವನ ಸರದಿಗೆ ಕಳಿಸೋ ಹಾಗೇ ಇಲ್ಲ.

ತಪ್ಪಿ ಸರದಿ ಬಿಟ್ಟು ಒಬ್ಬ ಬಂದು ಆಡಿದ ಅನ್ನಿ. ಮುಂದಿನ ಎಸೆತ ಬೀಳೋ ಮೊದಲು ಎದುರಾಳಿ ಹೋಗಿ ಅಂಪೈರ್‌ಗೆ ಹೇಳಿದ್ರೆ, ಬರಬೇಕಾಗಿದ್ದವನು ಔಟ್. ಬಂದವನು ಹೋಮ್ ರನ್ ಹೊಡೆದಿದ್ರೂ ಅದು ಲೆಕ್ಕಕ್ಕಿಲ್ಲ. ಎದುರಾಳಿ ಗಮನಿಸದೆ ಸುಮ್ಮನಿದ್ರೆ ನಡೆದುಹೋಗುತ್ತೆ. ಅಂಪೈರ್ ತಾನಾಗಿ ಬಾಯಿ ಬಿಡಲ್ಲ.

ಆರ್‌ಸಿಬಿ_ಆಯುಷ್ಯಪೂರ್ತಿ

ಕೊನೇದು ಭಾರಿ ಚೆನ್ನಾಗಿದೆ! ನೋಡಿಯೂ ಸುಮ್ಮನಿರೋ ಅಂಪೈರ್. ಹಾಗಾದ್ರೆ ಕೊನೇ ಇನ್ನಿಂಗ್‌ನಲ್ಲಿ ಯಾರ ಸರದಿ ಬರುತ್ತೋ ಅದು ಬರೀ ಅದೃಷ್ಟನಾ?

ಧಾರವಾಡ_ಪೇಡೆ

ಅದೃಷ್ಟ ಅಂದ್ರ ನಾ ಹೇಳ್ತೀನಿ ಕೇಳ್ರಿ. ಜುಲೈ 8, ಫಿಲಡೆಲ್ಫಿಯಾದ ಫಿಲಿಸ್ ಟೀಮಿನವರು ಬಂದಿದ್ರು. ನಾನು ಮತ್ತ ನನ್ನ ಅಳಿಯ ಮ್ಯಾಲಿನ ಡೆಕ್ಕಿನ್ಯಾಗ ಇದ್ವಿ. ಒಂಬತ್ತನೇ ಇನ್ನಿಂಗ್, ನಾವು 1-3 ಹಿಂದ. ಹೆಂಗೋ ಇಬ್ರು ಬೇಸ್ ಮ್ಯಾಲೆ ಬಂದ್ರು. ಆಡಾಕ ಬಂದಾಂವ ಯಾರು? ಪ್ಯಾಟ್ರಿಕ್ ಬೇಯ್ಲಿ. ಆರ್ಡರ್ ಬಾಲದಾಗ ಇರೋ ಕ್ಯಾಚರ್. ನಮ್ಮ ಮುಂದಿನ ಸಾಲಿನ್ಯಾಗ ಒಬ್ಬಾಂವ ಎದ್ದು ಜಾಕೆಟ್ ಹಾಕ್ಕೊಂಡು ರೈಲು ಹಿಡಿಯಾಕ ಹೊಂಟಬಿಟ್ಟ.

ಚೆಂಡು ಬಲಗಡೆ ಮೂಲಿಗೆ ಹೋತು. ಇಟ್ಟಂಗಿ ಗ್ವಾಡಿಗೆ ಬಡದು ಎತ್ತಾಗೋ ಸಿಡೀತು. ಫೀಲ್ಡರ್ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಬೇಯ್ಲಿ ಓಡಾಕತ್ತ್ಯಾನ. ಕ್ಯಾಚರ್ ಓಡೂದು ನೋಡೀರಿ? ನನಗ ಉಸಿರು ಕಟ್ಟಿತ್ತು. ಮೂರನೇ ಬೇಸಿನ ಕೋಚು ಕೈ ತಿರುವಿಕೋತ ನಿಂತಾನ, ಇಂವ ಹೋಮಿಗೆ ಬಂದ ಬಿಟ್ಟ. ಅಂಗಳದಾಗಿಂದ ಹೊರಗ ಹೋಗದ ಹೋಮ್ ರನ್, ಮೂರು ರನ್, ಪಂದ್ಯ 4-3 ಖಲಾಸ್. ಕ್ಯಾಚರ್ ಒಬ್ಬ ಹಿಂಗ ಪಂದ್ಯ ಮುಗಿಸಿದ್ದು 1926ರ ಮ್ಯಾಲೆ ಇದ ಮೊದಲಂತ.

ಜಾಕೆಟ್‌ನಾಂವ ಮೆಟ್ಟಲ ಮ್ಯಾಲೇ ನಿಂತು ನೋಡಿದ. ಅದಕ್ಕ ಹೇಳ್ತೀನಿ, ಬಾಲಕ್ಕೂ ಮರ್ಯಾದಿ ಕೊಡ್ರಿ.

ಮೂರನೇ_ಬೇಸ್

ಪೇಡೆಯವರೇ, ಆ ರಾತ್ರಿ ನಾನೂ ಟಿವಿ ಮುಂದೆ ಕುಣಿದವನೇ. ಬೇಯ್ಲಿ ಕ್ಯಾಚರ್ ಆಗಿ ಚಿನ್ನದಂಥವನು, ಎಂಟಲ್ಲೋ ಒಂಬತ್ತಲ್ಲೋ ಆಡಲಿ, ನನ್ನ ಅಡ್ಡಿ ಇಲ್ಲ. ಆದ್ರೆ ಒಂದು ದಿನ ಚೆಂಡು ಗೋಡೆಗೆ ಬಡಿದು ಅಡ್ಡ ಸಿಡೀತು ಅಂತ ಅದನ್ನ ಯೋಜನೆ ಅನ್ನೋಕಾಗಲ್ಲ.

ಎಲ್‌ಎ_ಗೌಡ

ದಕ್ಷಿಣ ಕ್ಯಾಲಿಫೋರ್ನಿಯಾದಿಂದ ನಮಸ್ಕಾರ. ನಮ್ಮ ಡಾಡ್ಜರ್ಸ್‌ಗೆ ಇಂಥ ತೊಂದರೆ ಇಲ್ಲಪ್ಪ. 2024ರ ಜೂನ್‌ನಲ್ಲಿ ಮೂಕಿ ಬೆಟ್ಸ್ ಕೈ ಮೂಳೆ ಮುರೀತು, ಶೋಹೆ ಒಟಾನಿನ ಮೊದಲನೇ ಜಾಗಕ್ಕೆ ಹಾಕಿದ್ವಿ. 54 ಹೋಮ್ ರನ್, 59 ಸ್ಟೀಲ್ (ಪಿಚರ್ ಕಣ್ಣು ತಪ್ಪಿಸಿ ಓಡಿ ಕದ್ದ ಬೇಸ್). ಎರಡು ವರ್ಷ, ಎರಡು ವರ್ಲ್ಡ್ ಸೀರೀಸ್. ಮೂರನೇ ಬೇಸ್ ಅವರ ವಾದ ಸರಿಯಾಗಿದೆ, ಟೀಮ್ ಮಾತ್ರ ತಪ್ಪು.

ಧಾರವಾಡ_ಪೇಡೆ

ಇವರನ್ನ ಒಳಗ ಬಿಟ್ಟಾರು ಯಾರು?

ಮೂರನೇ_ಬೇಸ್

ಬರಲಿ ಬಿಡಿ, ಇವತ್ತು ಸಾಕ್ಷಿಗೆ ಬೇಕಾಗಿದ್ದಾರೆ. ಅವರು ಹೇಳಿದ್ದಕ್ಕೆ ನಾನು ಫಿಲಡೆಲ್ಫಿಯಾನೂ ಸೇರಿಸ್ತೀನಿ. ಕೈಲ್ ಶ್ವಾರ್ಬರ್ 2023ರಲ್ಲಿ ಸರಾಸರಿ .197, ಹೌದು ಇನ್ನೂರೂ ಇಲ್ಲ. ಓಟ ಅಂತೂ ಕೇಳಲೇಬೇಡಿ. ಆದ್ರೂ ಅವನನ್ನ ಮೊದಲನೆಯವನಾಗೇ ಇಟ್ರು. 126 ವಾಕ್, 47 ಹೋಮ್ ರನ್. ಮರುವರ್ಷ ಪಂದ್ಯದ ಶುರುವಲ್ಲೇ ಹೊಡೆದ ಹೋಮ್ ರನ್ 15, ಹೊಸ ದಾಖಲೆ. ಮೊದಲನೆಯವನು ಸಣಕಲಾಗಿರಬೇಕು, ಜೋರಾಗಿ ಓಡಬೇಕು, ಚೆಂಡನ್ನ ಮೆಲ್ಲಗೆ ತಟ್ಟಬೇಕು ಅನ್ನೋದು ನಮ್ಮಪ್ಪನ ಕಾಲದ ಮಾತು. ಡೆವರ್ಸ್‌ಗೆ ವೇಗ ಇಲ್ಲ ಅಂತ ಯಾರಾದ್ರೂ ಬರೆಯೋಕೆ ಹೊರಟಿದ್ರೆ ಅಲ್ಲೇ ನಿಲ್ಲಿಸಿ.

ಓಕ್ಲೆಂಡ್_ಅನಾಥ

ನಿಮ್ಮಪ್ಪನ ಕಾಲಕ್ಕೆ ಮರ್ಯಾದೆ ಕೊಟ್ಟು ಮಾತಾಡಿ. ಆ ಕಾಲದಲ್ಲಿ ನಮ್ಮ ಓಕ್ಲೆಂಡ್ ಎ'ಸ್‌ನ ರಿಕಿ ಹೆಂಡರ್ಸನ್ ಇದ್ದ. 1406 ಸ್ಟೀಲ್ ಅಂತ ಎಲ್ಲರೂ ಹೇಳ್ತಾರೆ. ನಾನು ಹೇಳೋದು 2190 ವಾಕ್. ಪಂದ್ಯದ ಶುರುವಿನ ಹೋಮ್ ರನ್ 81, ಇವತ್ತಿಗೂ ಯಾರೂ ಹತ್ತಿರ ಬಂದಿಲ್ಲ. ಅವನು ನಿಲ್ತಿದ್ದ ರೀತಿ ನೆನಪಿದೆಯಾ? ಮೊಣಕಾಲು ಬಗ್ಗಿಸಿ, ಬೆನ್ನು ಮಡಿಸಿ ಹಾಗೇ ಕುಗ್ಗಿಬಿಡ್ತಿದ್ದ. ಸ್ಟ್ರೈಕ್ ಝೋನ್, ಅಂದ್ರೆ ಎಸೆತ ಬೀಳಬೇಕಾದ ಜಾಗ, ಅಂಗೈಯಗಲ ಉಳೀತಿತ್ತು. ಪಿಚರ್ ಎಲ್ಲಿಗೆ ಎಸೀಬೇಕು?

ಈಗ ರಿಕಿ ಇಲ್ಲ, ಎ'ಸ್ ಟೀಮೂ ಓಕ್ಲೆಂಡ್‌ನಲ್ಲಿಲ್ಲ. 2024ರ ಸೆಪ್ಟೆಂಬರ್ 26ಕ್ಕೆ ಕೊಲಿಸಿಯಂನಲ್ಲಿ ಕೊನೇ ಪಂದ್ಯ ಆಡಿ ಸ್ಯಾಕ್ರಮೆಂಟೋಗೆ ಗಂಟುಮೂಟೆ ಕಟ್ಟಿದರು. 2025ರ ಜೂನ್‌ನಲ್ಲಿ ಅದೇ ಅಂಗಳದಲ್ಲಿ ಕ್ರಿಕೆಟ್ ನಡೀತು, ಫಿನ್ ಆಲನ್ ಒಂದೇ ಇನ್ನಿಂಗ್ಸ್‌ನಲ್ಲಿ 19 ಸಿಕ್ಸರ್ ಹೊಡೆದ. ನೀವು ಜೈಂಟ್ಸ್‌ನವರು ಬ್ಯಾಟಿಂಗ್ ಆರ್ಡರ್ ಸರಿಯಿಲ್ಲ ಅಂತ ಅಳ್ತೀರಿ. ನನಗೆ ಅಳೋಕೆ ಟೀಮೇ ಇಲ್ಲ.

ಕುಡ್ಲದ_ಕೋಚಮ್ಮ

ರಿಕಿ ಕುಗ್ಗಿ ನಿಲ್ಲುದು ಹೇಳಿದ್ರಲ್ಲ, ಅದಕ್ಕೆ ನಂದೊಂದು ಕಥೆ ಉಂಟು ಮಾರಾಯ್ರೆ.

ನಾನು ಇಲ್ಲಿ ಮಕ್ಕಳ ಲೀಗಿನಲ್ಲಿ ಕೋಚ್. ನಮ್ಮ ವಯಸ್ಸಿನ ಗುಂಪಿನಲ್ಲಿ ಬಂದ ಮಕ್ಕಳೆಲ್ಲರ ಹೆಸರೂ ಆರ್ಡರ್‌ನಲ್ಲಿ ಇರ್ಲೇಬೇಕು. ಹನ್ನೆರಡು ಮಕ್ಕಳು ಬಂದ್ರೆ ಹನ್ನೆರಡು ಬ್ಯಾಟರ್. ಎಲ್ಲರಿಗೂ ಸರದಿ ಸಿಗ್ತದೆ, ಆದ್ರೂ ಜಗಳ ತಪ್ಪುದಿಲ್ಲ. ಶನಿವಾರ ಬೆಳಿಗ್ಗೆ ನಾನು ಡಗ್‌ಔಟ್ ಬೇಲಿಗೆ ಚೀಟಿ ಅಂಟಿಸಿದ ಕೂಡ್ಲೆ ಅಪ್ಪಂದಿರೆಲ್ಲ ಪರೀಕ್ಷೆ ರಿಸಲ್ಟ್ ನೋಡ್ಲಿಕ್ಕೆ ಬಂದ ಹಾಗೆ ಬಂದು ಮುತ್ತುತ್ತಾರೆ.

ನಮ್ಮ ಟೀಮಲ್ಲಿ ಒಬ್ಬ ಪುಟ್ಟ ಇದ್ದ. ಎಲ್ಲರಿಗಿಂತ ಗಿಡ್ಡ, ಹೆಲ್ಮೆಟ್ ಹಾಕಿದ್ರೆ ಮೂಗಿನವರೆಗೆ ಇಳೀತದೆ. ಬ್ಯಾಟಿಗೆ ಚೆಂಡು ತಾಗುದೇ ಅಪರೂಪ. ಆದ್ರೆ ಅವನ ಎದುರು ಪಿಚ್ ಮಾಡುದು ಆ ವಯಸ್ಸಿನ ಮಕ್ಕಳಿಗೆ ಸಾಧ್ಯವೇ ಇಲ್ಲ. ನಾಲ್ಕು ಬಾಲ್, ವಾಕ್. ನಾಲ್ಕು ಬಾಲ್, ವಾಕ್. ನಾನು ಅವನನ್ನ ಮೊದಲನೇ ಜಾಗಕ್ಕೆ ಹಾಕಿದೆ.

ಅಬ್ಬಬ್ಬಾ! ಒಬ್ಬರು ಬಂದು, "ಮೇಡಂ, ನಮ್ಮವ ಅಷ್ಟು ದೂರ ಹೊಡೀತಾನೆ, ಅವನನ್ನ ಐದಕ್ಕೆ ಹಾಕಿ ಹೊಡೀಲಿಕ್ಕೇ ಬಾರದವನನ್ನ ಮೊದಲು ಕಳಿಸುದು ಎಂತ ನ್ಯಾಯ?" ಅಂತ. ನಾನು ಹೇಳಿದೆ, "ನಿಮ್ಮವ ಹೊಡೆಯುವಾಗ ಬೇಸ್ ಮೇಲೆ ಯಾರಾದ್ರೂ ಇರ್ಬೇಕಲ್ವಾ ಸರ್?" ಅವರು ಒಪ್ಪಲಿಲ್ಲ. ಮುಂದಿನ ವಾರ ಪುಟ್ಟನ ಅಮ್ಮನೂ ಬಂದ್ರು. ಅವರ ತಕರಾರು ಬೇರೆ: "ಎಲ್ಲರೂ ನನ್ನ ಮಗನಿಗೆ ಹೊಡೀಲಿಕ್ಕೆ ಬರುದಿಲ್ಲ ಅಂತ ಹೇಳ್ತಾರೆ, ಅವನನ್ನ ಕೆಳಗೆ ಹಾಕಿ." ಪುಟ್ಟನಿಗೆ ಮಾತ್ರ ಭಾರೀ ಖುಷಿ. ವಾಕ್ ಸಿಕ್ಕಿದ್ರೂ ಬ್ಯಾಟ್ ಬಿಸಾಡಿ, ಹೋಮ್ ರನ್ ಹೊಡೆದವನ ಹಾಗೆ ಎದೆ ಉಬ್ಬಿಸಿ ಮೊದಲ ಬೇಸಿಗೆ ನಡೀತಿದ್ದ.

ಹಾಗಾಗಿ ನನ್ನ ವೋಟು ಮೂರನೇ ಬೇಸ್ ಅವರಿಗೆ. ವಾಕ್ ತಗೊಳ್ಳುವವ ಮೊದಲು.

ಅಂಕಿ_ಆಚಾರಿ

ಕೋಚಮ್ಮನವರೇ, ನಿಮ್ಮ ಪುಟ್ಟನ ಅಂಕಿ ಸಿಕ್ಕಿದ್ರೆ ನಾನೂ ಅವನನ್ನೇ ಮೊದಲು ಹಾಕ್ತೀನಿ. ನಿಮ್ಮ ಟೀಮಲ್ಲಿ ಮಕ್ಕಳ ನಡುವೆ ಅಂತರ ದೊಡ್ಡದು, ಅಲ್ಲಿ ಆರ್ಡರ್ ಕೆಲಸ ಮಾಡುತ್ತೆ. ಜೈಂಟ್ಸ್‌ನಲ್ಲಿ ನೋಡಿ: ರಾಮೋಸ್ .328, ಲೀ .327, ಅಡಾಮೆಸ್ .318, ಚಾಪ್ಮನ್ .340. ಎಲ್ಲರೂ ಒಂದೇ ಎತ್ತರದವರು. ಇವರನ್ನ ಹೇಗೆ ನಿಲ್ಲಿಸಿದ್ರೂ ಫೋಟೊ ಅದೇ.

ಮಾಮೂಲಿ ಆರ್ಡರ್‌ಗೂ ಅತಿ ಒಳ್ಳೆ ಆರ್ಡರ್‌ಗೂ ಇಡೀ ವರ್ಷಕ್ಕೆ ಹತ್ತು-ಹದಿನೈದು ರನ್ ವ್ಯತ್ಯಾಸ ಅಂತ ಇದನ್ನ ಅಳೆದವರು ಸಾಮಾನ್ಯವಾಗಿ ಹೇಳ್ತಾರೆ. ಹತ್ತು ರನ್‌ಗೆ ಒಂದು ಗೆಲುವು ಅನ್ನೋದು ಸ್ಥೂಲ ಲೆಕ್ಕ. 1972ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ನಿಮ್ಮ ಹಾಗೇ ರೋಸಿಹೋಗಿ ಎಂಟು ಜನರ ಹೆಸರು ಟೋಪಿಗೆ ಹಾಕಿ ಚೀಟಿ ಎತ್ತಿದ, ಪಿಚರ್‌ನ ಮಾತ್ರ ಒಂಬತ್ತರಲ್ಲೇ ಬಿಟ್ಟ. ದಪ್ಪ ಹೊಡೆತದ ನಾರ್ಮ್ ಕ್ಯಾಶ್ ಮೊದಲನೆಯವನಾದ, ಅಷ್ಟೇನೂ ಹೊಡೆಯಲಾರದ ಎಡ್ಡಿ ಬ್ರಿಂಕ್ಮನ್ ನಾಲ್ಕನೆಯವನಾದ. ಕ್ಲೀವ್‌ಲ್ಯಾಂಡ್ ವಿರುದ್ಧ 3-2ರಿಂದ ಗೆದ್ದರು.

ಧಾರವಾಡ_ಪೇಡೆ

ಹಂಗಾದ್ರ ವಿಟೆಲ್ಲೊ ಸಾಹೇಬ್ರಿಗೆ ಒಂದು ಛಲೋ ಟೊಪ್ಪಿಗಿ ಕಳಸೂಣು. ಪಟ್ಟಿ ಹಾಕ್ರಿ, ನಾನೂ ಕೊಡ್ತೀನಿ.

ಮೂರನೇ_ಬೇಸ್

ನಗಿ ಪೇಡೆಯವರೇ. ಆದ್ರೆ ಆಚಾರ್ರು ನನ್ನ ಪರವಾಗಿ ವಾದ ಮಾಡಿ ಹೋದದ್ದನ್ನ ಗಮನಿಸಿದ್ರಾ? ಹತ್ತು-ಹದಿನೈದು ರನ್, ಅಂದ್ರೆ ಒಂದರಿಂದ ಒಂದೂವರೆ ಗೆಲುವು. ಮೇಲೆ ಎರಡು ಗೆಲುವು ನೆನಪಿಟ್ಕೊಳ್ಳಿ ಅಂದಿದ್ದೆ. 81ಕ್ಕೂ 83ಕ್ಕೂ ನಡುವಿನ ಎರಡರಲ್ಲಿ ಮುಕ್ಕಾಲು ಪಾಲು ಒಂದು ತುಂಡು ಕಾಗದದಲ್ಲಿ ಸಿಗೋದಾದ್ರೆ ಅದಕ್ಕೆ ಬಾಯಿ ಮುಚ್ಚಿಕೊಂಡಿರಬೇಕಾ? 98 ಗೆಲ್ಲೋ ಟೀಮಿಗೂ 65 ಗೆಲ್ಲೋ ಟೀಮಿಗೂ ಆರ್ಡರ್ ದೊಡ್ಡದಲ್ಲ. 81 ಗೆಲ್ಲೋ ಟೀಮಿಗೇ ಅದು ಬೇಕಾಗಿರೋದು.

ಹೊಸಬರು ಕ್ರಿಕೆಟ್ ಮಾತು ಎತ್ತಿದ್ರು. 2001, ಈಡನ್ ಗಾರ್ಡನ್ಸ್. ಫಾಲೋ ಆನ್. ಮೂರನೇ ಜಾಗ ನಮ್ಮ ದ್ರಾವಿಡ್‌ದು, ಅದನ್ನ ಯಾರೂ ಪ್ರಶ್ನೆ ಮಾಡೋ ಹಾಗಿರಲಿಲ್ಲ. ಮೊದಲ ಇನ್ನಿಂಗ್ಸ್‌ನಲ್ಲಿ 59 ಹೊಡೆದ ಲಕ್ಷ್ಮಣ್‌ನ ಮೂರಕ್ಕೆ ಏರಿಸಿ ದ್ರಾವಿಡ್‌ನ ಆರಕ್ಕೆ ಇಳಿಸಿದ್ರು. 281 ಮತ್ತು 180, ಜೊತೆಯಾಟ 376. ಅದೇ ಹನ್ನೊಂದು ಜನ, ಅದೇ ಪಿಚ್, ಅದೇ ಆಸ್ಟ್ರೇಲಿಯಾ. ಕಾಗದದ ಮೇಲೆ ಎರಡು ಹೆಸರು ಜಾಗ ಬದಲಾಯಿಸಿದ್ವು, ಅಷ್ಟೇ.

ಅಂಕಿ_ಆಚಾರಿ

ಲಕ್ಷ್ಮಣ್ 281 ಹೊಡೆದದ್ದು ಲಕ್ಷ್ಮಣ್ ಆಗಿದ್ದಕ್ಕೆ. ಆ ಬದಲಾವಣೆ ಮಾಡಿ ಕೆಟ್ಟುಹೋದ ಪಂದ್ಯಗಳನ್ನ ಯಾರೂ ನೆನಪಿಟ್ಕೊಳ್ಳಲ್ಲ. ಅದೂ ಅಲ್ಲದೆ ಕ್ರಿಕೆಟ್‌ನಲ್ಲಿ ಜಾಗ ಬದಲಾದ್ರೆ ಎದುರಿಸೋ ಚೆಂಡು, ಹೊತ್ತು, ಜೊತೆಗಾರ ಎಲ್ಲಾ ಬದಲಾಗುತ್ತೆ. ಇಲ್ಲಿ ಮೊದಲ ಸುತ್ತು ದಾಟಿದ ಮೇಲೆ ಒಂದನೆಯವನು ಇನ್ನಿಂಗ್ ಶುರುವಿಗೇ ಬರಬೇಕು ಅಂತಿಲ್ಲ.

ಈಗ ಕೆಲಸದ ಮಾತಿಗೆ ಬನ್ನಿ. ಡೆವರ್ಸ್ ಎಡಗೈ ಬ್ಯಾಟರ್. ರಾಮೋಸ್, ಡೆವರ್ಸ್, ಅಡಾಮೆಸ್ ಅಂತ ಇಟ್ಟಿದ್ದಕ್ಕೆ ಕಾರಣ ಬಲ, ಎಡ, ಬಲ. 2020ರಿಂದ ಹೊಸದಾಗಿ ಬಂದ ಪಿಚರ್ ಕನಿಷ್ಠ ಮೂರು ಬ್ಯಾಟರ್‌ಗಳಿಗೆ ಎಸೀಬೇಕು, ಇಲ್ಲಾ ಇನ್ನಿಂಗ್ ಮುಗೀಬೇಕು. ಡೆವರ್ಸ್ ಒಬ್ಬನಿಗಾಗಿ ಎಡಗೈ ಪಿಚರ್ ತಂದ್ರೆ ಅವನು ಹಿಂದೆ ಬರೋ ಬಲಗೈಯವರನ್ನೂ ಎದುರಿಸಬೇಕು. ಎಡಗೈಯವರನ್ನ ಒಟ್ಟಿಗೆ ಗುಡ್ಡೆ ಹಾಕಿದ್ರೆ ಎದುರಾಳಿಗೆ ಹಬ್ಬ. ಡೆವರ್ಸ್‌ನ ಮೊದಲು ಹಾಕಿದ್ರೆ ನಿಮ್ಮ ಎರಡನೆಯವನು ಯಾರು?

ಮೂರನೇ_ಬೇಸ್

ಚಾಪ್ಮನ್. ಬಲಗೈ. ಸರಾಸರಿ .231 ನೋಡಿ ಮೂಗು ಮುರೀಬೇಡಿ, ಬೇಸ್ ತಲುಪೋದರಲ್ಲಿ ಡೆವರ್ಸ್ ಬಿಟ್ರೆ ಅವನೇ ಮುಂದು, ನೀವೇ ಮೇಲೆ ಬರೆದಿದ್ದೀರಿ.

ಪೂರ್ತಿ ಪಟ್ಟಿ ತಗೊಳ್ಳಿ. ಚಳಿಗಾಲದಲ್ಲಿ ಯಾರನ್ನೂ ಹೊಸದಾಗಿ ತರಲ್ಲ ಅಂದ್ಕೊಂಡು:

ಡೆವರ್ಸ್, ಚಾಪ್ಮನ್, ಎಲ್ಡ್ರಿಜ್, ಅಡಾಮೆಸ್, ಲೀ, ರಾಮೋಸ್, ಶ್ಮಿಟ್, ಬೇಯ್ಲಿ, ಒಂಬತ್ತಕ್ಕೆ ಬಲಗಡೆ ಫೀಲ್ಡಿಗೆ ಯಾರು ಸಿಗ್ತಾರೋ ಅವರು. ಜುಲೈ ಕೊನೆಗೆ ಯಾಸ್ಟ್ರಮ್‌ಸ್ಕಿನ ಕ್ಯಾನ್ಸಸ್ ಸಿಟಿಗೆ ಕೊಟ್ಟಾಗಿಂದ ಆ ಜಾಗ ಗುಡಿಸಿಟ್ಟ ಹಾಗಿದೆ.

ಎಲ್ಡ್ರಿಜ್ ಚಿಕ್ಕ ಹುಡುಗ, ಸೆಪ್ಟೆಂಬರ್‌ನಲ್ಲಿ ತಾನೇ ಇಪ್ಪತ್ತನೇ ವಯಸ್ಸಲ್ಲಿ ಬಂದವನು, ಅವನಿಗೆ ಮೂರನೇ ಜಾಗ ಜಾಸ್ತಿ ಆಯ್ತು ಅಂತೀರಿ. ಮೂರನೆಯವನು ಮೊದಲ ಇನ್ನಿಂಗ್‌ನಲ್ಲಿ ಎಷ್ಟೋ ಸಲ ಎರಡು ಔಟ್ ಆಗಿ ಬೇಸ್ ಖಾಲಿ ಇದ್ದಾಗ ಬರ್ತಾನೆ. ಹುಡುಗ ಕಲಿಯೋಕೆ ಒತ್ತಡ ಕಡಿಮೆ ಇರೋ ಜಾಗ ಅದು. ಒಬ್ಬನಾದ್ರೂ ಬೇಸ್ ಮೇಲಿದ್ರೆ ಅವನ ಹಿಂದೆ ಅಡಾಮೆಸ್ ಇದ್ದಾನೆ.

ಕುಡ್ಲದ_ಕೋಚಮ್ಮ

ಲೀಯನ್ನ ಒಂಬತ್ತಕ್ಕೆ ಹಾಕಿ ನೋಡಿ. ಎರಡನೇ ಸುತ್ತಿನಲ್ಲಿ ಒಂಬತ್ತನೆಯವನ ಹಿಂದೆಯೇ ಡೆವರ್ಸ್ ಬರ್ತಾನಲ್ಲ. ಒಂಬತ್ತು ಅಂದ್ರೆ ಕೊನೇದು ಅಂತ ಮೊದಲ ಸುತ್ತಿಗೆ ಮಾತ್ರ. ಈ ವರ್ಷ ಲೀ 12 ಟ್ರಿಪಲ್ (ಒಂದೇ ಹೊಡೆತಕ್ಕೆ ಮೂರು ಬೇಸ್) ಹೊಡೆದಿದ್ದಾನೆ, ನಮ್ಮ ಓರಾಕಲ್ ಪಾರ್ಕಿನ ಬಲ-ಮಧ್ಯದ ಮೂಲೆಯಲ್ಲಿ ಗೋಡೆ 415 ಅಡಿ ದೂರ, ಅವನಿಗೇ ಅಳತೆ ಕೊಟ್ಟು ಕಟ್ಟಿಸಿದ ಹಾಗುಂಟು. ಅವನು ಮೂರನೇ ಬೇಸಿನಲ್ಲಿ ನಿಂತಿರುವಾಗ ಡೆವರ್ಸ್ ಬಂದ್ರೆ ಒಂದು ಫ್ಲೈ ಬಾಲ್ ಸಾಕು.

ಎಲ್‌ಎ_ಗೌಡ

113 ಮಿಲಿಯನ್ ಕೊಟ್ಟು ಒಂಬತ್ತನೇ ಜಾಗ. ನಿಮ್ಮ ಟೀಮಿಗೆ ಹೊಂದುತ್ತೆ.

ಮೂರನೇ_ಬೇಸ್

ಗೌಡ್ರೇ, ಸಾಕ್ಷಿ ಹೇಳಿದ್ದಾಯ್ತು, ಇನ್ನು ನೀವು ಹೊರಡಬಹುದು.

ಕೋಚಮ್ಮ, ಐಡಿಯಾ ಚೆನ್ನಾಗಿದೆ, ಆದ್ರೆ ಐದರಿಂದ ಒಂಬತ್ತಕ್ಕೆ ಅಂದ್ರೆ ಆಚಾರ್ರ ಲೆಕ್ಕದಲ್ಲೇ ವರ್ಷಕ್ಕೆ 72 ಸರದಿ ಹೋಗುತ್ತೆ. ಆ 72 ಶ್ಮಿಟ್‌ಗೋ ಬೇಯ್ಲಿಗೋ ಹೋಗೋದು ನನಗೆ ಒಪ್ಪಿಗೆ ಇಲ್ಲ. ಬೇಕಿದ್ರೆ ಆರು.

ಅಂಕಿ_ಆಚಾರಿ

ಅಂತೂ 18ರ ಲೆಕ್ಕ ಬಳಕೆಗೆ ಬಂತು. ನಿಮ್ಮ ಪಟ್ಟಿ ಕೆಟ್ಟದಾಗೇನೂ ಇಲ್ಲ. ಒಂದೇ ತಕರಾರು, ಒಂದರಲ್ಲೂ ಮೂರರಲ್ಲೂ ಐದರಲ್ಲೂ ಎಡಗೈ ಇಟ್ಟು ಎರಡು, ನಾಲ್ಕು, ಆರರಲ್ಲಿ ಬಲಗೈ ಇಟ್ಟಿದ್ದೀರಿ. ಮೆಲ್ವಿನ್ ಇದನ್ನೇ ಮಾಡಿದಾಗ ಬೈದಿದ್ರಿ.

ಮೂರನೇ_ಬೇಸ್

ಮೆಲ್ವಿನ್‌ನ ಬೈದದ್ದು ಎಡ-ಬಲಕ್ಕಲ್ಲ, ಮೊದಲನೆಯವನಿಗೆ. ಮೇಲೆ ಹೋಗಿ ಇನ್ನೊಂದ್ಸಲ ಓದಿ.

ಆರ್‌ಸಿಬಿ_ಆಯುಷ್ಯಪೂರ್ತಿ

ಡೆವರ್ಸ್ ಒಂದೇ ವರ್ಷ 163 ಪಂದ್ಯ ಆಡಿದ್ದಾನೆ ಅಂತ ಎಲ್ಲೋ ನೋಡಿದೆ. ಸೀಸನ್ನೇ 162 ಅಲ್ವಾ? ಅಚ್ಚಿನ ತಪ್ಪಾ?

ಧಾರವಾಡ_ಪೇಡೆ

ತಪ್ಪಲ್ಲ ತಮ್ಮಾ. ನಡುವ ಟೀಮ್ ಬದಲಾತಲ್ಲ. ಬಾಸ್ಟನ್‌ದಾಗ 73 ಆಡಿ ಬಂದ, ಇಲ್ಲಿ 90. ಅಲ್ಲಿಯವರು ಹೆಚ್ಚು ಪಂದ್ಯ ಮುಗಿಸಿದ್ರು, ಇಲ್ಲಿಯವರಿಗೆ ಹೆಚ್ಚು ಉಳದಿದ್ದವು. ಪಗಾರ ಮಾತ್ರ 162ಕ್ಕ.

ಅದಿರಲಿ, 2026ರ ಮೊದಲನೇ ಪಂದ್ಯ ಮಾರ್ಚ್ 25ಕ್ಕ ನಮ್ಮಲ್ಲೇ ಐತಿ, ಯಾಂಕೀಸ್ ಬರಾಕತ್ತಾರ. ಯಾರ್ಯಾರು ಬರ್ತೀರಿ ಹೇಳ್ರಿ, ಟಿಕೆಟ್ ಒಟ್ಟಿಗೆ ತಗಸ್ತೀನಿ. ಮ್ಯಾಲಿನ ಡೆಕ್ಕೇ ಮತ್ತ, ಕೆಳಗಿಂದು ನನ್ನ ಕೈಲಿ ಆಗೂದಿಲ್ಲ.

ಕುಡ್ಲದ_ಕೋಚಮ್ಮ

ನಾನು ಮತ್ತು ಇಬ್ಬರು ಮಕ್ಕಳು. ಮೂರು ಟಿಕೆಟ್.

ಓಕ್ಲೆಂಡ್_ಅನಾಥ

ಒಂದು. ಹಸಿರು ಟೋಪಿಯಲ್ಲೇ ಬರ್ತೀನಿ, ಯಾರೂ ಏನೂ ಅನ್ನಬಾರದು.

ಆರ್‌ಸಿಬಿ_ಆಯುಷ್ಯಪೂರ್ತಿ

ನಂದೂ ಒಂದು. ಚೀಟಿ ಕೊಡೋದನ್ನ ನೋಡಬೇಕು, ಬೇಗ ಹೋಗೋಣ.

ಮೂರನೇ_ಬೇಸ್

ಎರಡು. ಆಚಾರ್ರಿಗೂ ಸೇರಿಸಿ. ಅವತ್ತು ಮೊದಲನೆಯವನಾಗಿ ಡೆವರ್ಸ್ ಬಂದ್ರೆ ಎಲ್ಲರಿಗೂ ಗಾರ್ಲಿಕ್ ಫ್ರೈಸ್ ಅವರ ಖರ್ಚು.

ಅಂಕಿ_ಆಚಾರಿ

ರಾಮೋಸ್ ಬಂದ್ರೆ?

ಮೂರನೇ_ಬೇಸ್

ರಾಮೋಸ್ ಬಂದ್ರೆ ಪಂದ್ಯ ಮುಗಿಯೋವರೆಗೂ ನನ್ನ ಪಕ್ಕ ಕೂತು ಬೈಗುಳ ಕೇಳ್ಬೇಕಾಗುತ್ತೆ, ಫ್ರೈಸ್ ಆಗಲೂ ನಿಮ್ದೇ.